ಗಂಗವ್ವಗ ಹಾಕಿದ ದುಡ್ಡು

ಎರಡನೆಯ ದುಡ್ಡು ಅನ್ನಮ್ಮನ ಕಣ್ಣಿಗೆ ಬಿದ್ದದ್ದು ಮುಂಜಾನೆ, ಚಹಾದ ಬಟ್ಟಲು ಹಿಡಿದುಕೊಂಡು ಪಡಸಾಲೆಯ ಮೀನಿನ ಪೆಟ್ಟಿಗೆಯ ಮುಂದೆ ಬಂದು ನಿಂತಾಗ. ಮೊದಲನೆಯದು ಬಲಮೂಲೆಯಲ್ಲಿ, ಹುಲ್ಲಿನ ಬುಡದಲ್ಲಿ ಅರ್ಧ ಮರಳೊಳಗೆ ಹೂತಿತ್ತು, ಗೊತ್ತಿದ್ದವರಿಗಷ್ಟೇ ಕಾಣುವಂತೆ. ಇದು ಹಾಗಲ್ಲ. ನಟ್ಟನಡುವೆ ಬಿದ್ದುಕೊಂಡಿದೆ, ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರ, ನಾಚಿಕೆಯಿಲ್ಲದೆ ಕೆಂಪಗೆ ಹೊಳೆಯುತ್ತಿದೆ. ನಿಜಾಮನ ಕಾಲದ ದುಡ್ಡು. ಅತ್ತೆ ಚನ್ನಮಲ್ಲಮ್ಮನ ಸೊಂಟದ ಸಂಚಿಯಲ್ಲಿ ಇಂಥವು ಇನ್ನೂ ಇವೆ. ಅಂಗಡಿಯಲ್ಲಿ ನಡೆಯುವುದು ನಿಂತು ಇಪ್ಪತ್ತು ವರ್ಷವಾಗಿರಬೇಕು, ಆದರೂ ದೇವರ ಹತ್ತಿರ ನಡೆಯುತ್ತವೆ ಎಂದು ಮುದುಕಿ ಕಾದಿಟ್ಟುಕೊಂಡಿದ್ದಾಳೆ. ನೀರಿನ ಮೇಲ್ಗಡೆ ಕರಿಯ ಮೀನೊಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಬಣ್ಣದ ಬಾಲದ ಎರಡು ಮೀನು ಹುಲ್ಲಿನ ಸಂದಿಯಲ್ಲಿ ಕದಲದೆ ನಿಂತಿದ್ದವು. ಎಂಟು ಇದ್ದಲ್ಲಿ ಈಗ ಇವಿಷ್ಟೇ. ಕೈ ಹಾಕಬೇಕು, ತೆಗೆಯಬೇಕು. ಮೊಳಕೈ ತನಕ ತೊಯ್ಯುತ್ತದೆ, ಅಷ್ಟೇ ತಾನೆ. ತಾಮ್ರ ಬಿದ್ದ ನೀರಿನಲ್ಲಿ ಮೀನು ಬಾಳುವುದಿಲ್ಲ ಎಂಬುದು ಈ ಮನೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ಅವಳು. ಅನ್ನಮ್ಮ ಚಹಾದ ಬಟ್ಟಲನ್ನು ಎಡಗೈಗೆ ಬದಲಾಯಿಸಿಕೊಂಡಳು, ಸೀರೆಯ ಸೆರಗು ಸರಿಸಿಕೊಂಡಳು, ಆಮೇಲೆ ಬಟ್ಟಲನ್ನು ಮತ್ತೆ ಬಲಗೈಗೆ ತೆಗೆದುಕೊಂಡು ಚಹಾ ಕುಡಿದಳು. ಚಹಾ ಆರಿಹೋಗಿತ್ತು.

ಎರಡನೆಯದು ಯಾಕೆ ಬಂತು ಎಂಬುದಕ್ಕೆ ಅವಳಲ್ಲಿ ಉತ್ತರ ಇತ್ತು. ಹಿತ್ತಲಿನ ಹಗ್ಗ. ತಿಂಗಳಿಗೊಮ್ಮೆ ಆ ಹಗ್ಗದ ತುದಿಗೆ, ಹಳೇ ಟವೆಲಿನ ಕೆಳಗೆ ಮುಚ್ಚಿ ಒಣಗಿಸುತ್ತಿದ್ದ ಬಟ್ಟೆಗಳು ಈ ಸಲ ಒಣಗಿಲ್ಲ. ಗಂಡನಿಗೆ ಹೇಳಿಲ್ಲ, ತವರಿಗೆ ಬರೆದಿಲ್ಲ, ಡಾಕ್ಟರರ ಹತ್ತಿರ ಹೋಗಿಲ್ಲ, ತನಗೆ ತಾನೇ ಕೂಡ ಬಾಯಿಬಿಟ್ಟು ಹೇಳಿಕೊಂಡಿಲ್ಲ. ಹೇಳಿದರೆ ಅದಕ್ಕೆ ಕೇಳಿಸಿ ಹೊರಟುಬಿಡುತ್ತದೇನೋ ಎಂಬ ಹೆದರಿಕೆ. ಎರಡು ಸಲ ಬಸಿರು ನಿಲ್ಲದೆ ಹೋದದ್ದು. ಮೊದಲ ಸಲ ಊರಿಗೆಲ್ಲ ಹೇಳಿ ಆಗಿತ್ತು, ಎರಡನೆಯ ಸಲ ಮನೆಯವರಿಗಷ್ಟೇ, ಈ ಸಲ ಯಾರಿಗೂ ಇಲ್ಲ. ಆದರೆ ಮುದುಕಿಯ ಕಣ್ಣು ತಪ್ಪಿಸುವುದು ಹೇಗೆ? ನಸುಕಿನಲ್ಲಿ ಎದ್ದು ಹಿತ್ತಲು ಬಳಿಯುವವಳು ಅವಳೇ. ನೋಡಿದ್ದಾಳೆ, ಲೆಕ್ಕ ಹಾಕಿದ್ದಾಳೆ, ನೀರಿನ ತಾಯಿ ಗಂಗವ್ವನಿಗೆ ಹರಕೆ ಹೊತ್ತಿದ್ದಾಳೆ. ಗಂಡ ತಂದ ಮೀನನ್ನು ತಾನೇ ನೀರಿಗೆ ಬಿಟ್ಟ ದಿನ ಅನ್ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ತನ್ನ ಕಣ್ಣಾರೆ ನೋಡಿದ್ದಳು. ಅತ್ತೆ ಗಾಜಿಗೆ ಕುಂಕುಮದ ಬೊಟ್ಟು ಇಟ್ಟಳು, ಕಣ್ಣು ಮುಚ್ಚಿದಳು, ತುಟಿ ಅಲುಗಿಸಿದಳು, ದುಡ್ಡನ್ನು ಸದ್ದಾಗದಂತೆ ನೀರಿನ ಅಂಚಿನಿಂದ ಜಾರಿಸಿ ಬಿಟ್ಟಳು. ತುಟಿಯಿಂದ ಕೇಳಿಸಿದ್ದು ಒಂದೇ ಮಾತು, ಅನ್ನವ್ವ. ಉಳಿದದ್ದು ಕೇಳಿಸಲಿಲ್ಲ, ಕೇಳಿಸುವ ಅಗತ್ಯವೂ ಇರಲಿಲ್ಲ. ಸೊಸೆಯ ಹೆಸರು ಹಿಡಿದು ಅತ್ತೆ ದೇವರಲ್ಲಿ ಇನ್ನೇನು ಬೇಡುತ್ತಾಳೆ?

ಆಗಲೇ ಹೇಳಬಹುದಿತ್ತು. ಅತ್ತೀ, ಅದನ್ನ ಹಾಕಬ್ಯಾಡ್ರಿ, ಮೀನಿಗೆ ಆಗಂಗಿಲ್ಲ. ಇಷ್ಟೇ ಮಾತು. ಬಾಯಿಗೆ ಬಂದಿತ್ತು ಕೂಡ. ಆದರೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು, ಆ ಕೈಯೇ ಅವಳ ಬಾಯಿ ಮುಚ್ಚಿಸಿತು. ಹೊಳೆಗೆ ಹಾಕಿದ ದುಡ್ಡನ್ನು ಯಾರಾದರೂ ಹಿಂದಕ್ಕೆ ತೆಗೆಯುತ್ತಾರೆಯೇ? ರಾಯಚೂರಿನ ರೈಲು ಕೃಷ್ಣೆಯ ಸೇತುವೆ ಹತ್ತಿದಾಗ ಡಬ್ಬಿಯ ಕಿಟಕಿ ಕಿಟಕಿಯಿಂದ ದುಡ್ಡು ಬೀಳುತ್ತವೆ. ಸಣ್ಣವಳಿದ್ದಾಗ ಅವ್ವ ಅನ್ನಮ್ಮನ ಕೈಗೂ ಒಂದು ಕೊಟ್ಟು, ಮನಸಿನ್ಯಾಗ ಬೇಡ್ಕೊಂಡು ಒಗಿ, ಅನ್ನುತ್ತಿದ್ದಳು. ಒಮ್ಮೆ ಅನ್ನಮ್ಮ ಆ ದುಡ್ಡನ್ನು ಒಗೆಯದೆ ಮುಷ್ಟಿಯಲ್ಲೇ ಉಳಿಸಿಕೊಂಡು ಪೆಪ್ಪರಮಿಂಟು ತಿಂದಿದ್ದಳು. ಆ ವರ್ಷ ಅಜ್ಜ ಸತ್ತ. ಅಜ್ಜನಿಗೆ ಎಂಬತ್ತು ದಾಟಿತ್ತು, ದಮ್ಮು ಇತ್ತು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಬಿ.ಎಸ್ಸಿ. ಓದಿದ ಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾಳೆ. ಸಂಬಂಧವಿಲ್ಲ ಎಂದು ಅಷ್ಟು ಸಲ ಹೇಳಿಕೊಳ್ಳಬೇಕಾದದ್ದೇ ಅವಳಿಗೆ ನಾಚಿಕೆ ತರುತ್ತಿತ್ತು.

ಗಾಜಿನ ಪೆಟ್ಟಿಗೆ ಬೇಕೆಂದು ಅವಳೇನೂ ಕೇಳಿರಲಿಲ್ಲ. ಗಂಡ ವಿರೂಪಣ್ಣ ನೀರಾವರಿ ಇಲಾಖೆಯಲ್ಲಿ ಓವರ್‌ಸೀಯರ್, ದಿನಾ ಮುಂಜಾನೆ ಬಸ್ಸು ಹಿಡಿದು ಮಾನವಿ ತಾಲೂಕಿಗೆ ಹೋಗಿ ಕತ್ತಲಾಗುವಾಗ ಬರುವವನು. ಆಫೀಸಿನ ಕೆಲಸಕ್ಕೆ ಹೈದರಾಬಾದಿಗೆ ಹೋದಾಗ ಯಾವುದೋ ಹೋಟೆಲಿನ ಮುಂಭಾಗದಲ್ಲಿ ಮೀನು ಸಾಕಿದ್ದು ನೋಡಿ ಬಂದ. ಊಟಕ್ಕೆ ಕೂತಾಗ, ಮನಿಯೊಳಗ ಒಂದು ಜೀವ ಅಡ್ಡಾಡಿಕೊಂಡಿದ್ರ ಛಲೋ ಇರ್ತದ, ಅಂದ. ಅಂದು, ಅಂದದ್ದರ ಅರ್ಥ ಹೊಳೆದು, ತಲೆ ತಗ್ಗಿಸಿ ರೊಟ್ಟಿ ಮುರಿಯತೊಡಗಿದ. ಪಾಪ, ಕೆಟ್ಟ ಮನುಷ್ಯ ಅಲ್ಲ. ಬಾಯಿ ತಪ್ಪಿ ಬಂದ ಮಾತಿಗೆ ಪ್ರಾಯಶ್ಚಿತ್ತವೆಂಬಂತೆ ಮುಂದಿನ ಭಾನುವಾರವೇ ತೀನ್ ಕಂದೀಲ್ ಚೌಕದ ಹತ್ತಿರ ಫೋಟೋಗಳಿಗೆ ಕಟ್ಟು ಹಾಕುವ ಅಲ್ಲಾಬಕ್ಷನಿಗೆ ಪೆಟ್ಟಿಗೆ ಮಾಡಲು ಹೇಳಿದ. ಅಲ್ಲಾಬಕ್ಷ ಜನ್ಮದಲ್ಲಿ ಮೀನಿನ ಪೆಟ್ಟಿಗೆ ಮಾಡಿದವನಲ್ಲ, ಆದರೂ ಆಗುವುದಿಲ್ಲ ಎನ್ನಲಿಲ್ಲ. ಕಬ್ಬಿಣದ ಪಟ್ಟಿಯ ಚೌಕಟ್ಟಿಗೆ ಹಸಿರು ಬಣ್ಣ ಬಳಿದು, ಗಾಜು ಕೂರಿಸಿ, ಸಂದಿಗೆಲ್ಲ ಲಪ್ಪ ಎಂಬ ಗಾಜಿನ ಅಂಟು ಮೆತ್ತಿ ತಂದುಕೊಟ್ಟ. ಮೊದಲ ಸಲ ನೀರು ಹಾಕಿದಾಗ ಮೂಲೆಯಿಂದ ಹನಿ ಹನಿ ಸೋರಿ ಪಡಸಾಲೆಯ ಚಾಪೆ ತೊಯ್ದಿತು. ಅವನು ನೆಲದ ಮೇಲೆ ಕೂತು ಬೆರಳಿನಿಂದ ಮತ್ತೆ ಲಪ್ಪ ಒತ್ತುತ್ತ, ಈಗ ನಿಂದ್ರತದ ಅಮ್ಮಾ, ನೀರು ನಿಂದ್ರತದ, ಅಂದ. ನಿಲ್ಲುತ್ತದೆ ಎಂಬ ಮಾತು ಕೇಳಿ ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವುದನ್ನು ಒಂದು ಕ್ಷಣ ನಿಲ್ಲಿಸಿದ್ದನ್ನು ಅನ್ನಮ್ಮ ಗಮನಿಸಿದ್ದಳು. ಇಂಥದ್ದನ್ನೆಲ್ಲ ಅವಳು ಗಮನಿಸುತ್ತಿದ್ದಳು, ಅದೇ ಅವಳ ರೋಗ.

ಮರಳು ಬಂದದ್ದು ದೇವದುರ್ಗದಿಂದ, ಅತ್ತೆಯ ತಮ್ಮ ಜಂಬಣ್ಣ ಕೃಷ್ಣೆಯ ದಂಡೆಯಿಂದ ಚೀಲದಲ್ಲಿ ತುಂಬಿ ಬಸ್ಸಿನ ಮೇಲೆ ಹಾಕಿ ಕಳಿಸಿದ. ಅದನ್ನು ಬಕೀಟಿನಲ್ಲಿ ಹಾಕಿ ಕೈಯಾಡಿಸಿ, ಕೆಂಪು ನೀರು ಚೆಲ್ಲಿ, ಮತ್ತೆ ನೀರು ಹೊಯ್ದು, ನೀರು ತಿಳಿಯಾಗುವ ತನಕ ತೊಳೆದವಳು ಅನ್ನಮ್ಮ. ಉಗುರಿನ ಸಂದಿಯೆಲ್ಲ ಉರಿಯುತ್ತಿತ್ತು. ಪೋತ್ನಾಳದ ಹತ್ತಿರ ಕಾಲುವೆಯಲ್ಲಿ ಬೆಳೆಯುವ ಪಟ್ಟಿಯಂಥ ಎಲೆಯ ನೀರಹುಲ್ಲನ್ನು ವಿರೂಪಣ್ಣ ಬೇರು ಸಮೇತ ಕೀಳಿಸಿ, ತೊಯ್ದ ಗೋಣಿತಟ್ಟಿನಲ್ಲಿ ಸುತ್ತಿ ತಂದ. ಕೆಳಗೆ ಹೊಲದ ಮಣ್ಣು, ಮೇಲೆ ಹೊಳೆಯ ಮರಳು, ಅದರಲ್ಲಿ ಬೆರಳಿನಿಂದ ಗುಳಿ ಮಾಡಿ ಒಂದೊಂದೇ ಹುಲ್ಲು ಊರುವುದು. ನೀರು ಹೊಯ್ಯುವಾಗ ಮರಳು ಕೆದರದಿರಲಿ ಎಂದು ತಳದಲ್ಲಿ ತಟ್ಟೆ ಇಟ್ಟು, ತಟ್ಟೆಯ ಮೇಲೆ ಧಾರೆ ಬಿಡುವುದು. ಅದೆಲ್ಲ ಮಾಡುವಾಗ ಅನ್ನಮ್ಮನಿಗೆ ಭಯವೇ ಇರಲಿಲ್ಲ, ಸುಖವೇ ಆಗಿತ್ತು. ನಾಲ್ಕು ದಿನಕ್ಕೆ ಹುಲ್ಲು ನೆಟ್ಟಗಾದಾಗ, ಹೊಸ ಎಲೆಯ ತುದಿ ಮರಳಿನಿಂದ ಹೊರಬಂದಾಗ ಶಾಲೆಯಿಂದ ಓಡೋಡಿ ಮನೆಗೆ ಬರುತ್ತಿದ್ದಳು. ನಾನು ನೆಟ್ಟದ್ದು ಹತ್ತಿತು ಎಂದು ಯಾರಿಗಾದರೂ ಹೇಳಬೇಕು ಅನ್ನಿಸುತ್ತಿತ್ತು. ಹೇಳಲಿಕ್ಕೆ ಅತ್ತೆಯೇ ಇದ್ದದ್ದು, ಅತ್ತೆಗೆ ಹೇಳಲಿಲ್ಲ.

ಅತ್ತೆಗೂ ಅವಳಿಗೂ ಜಗಳವೇನಿಲ್ಲ. ಜಗಳವಾಗಿದ್ದರೆ ಬೇಕಿತ್ತು. ಎರಡನೆಯ ಬಸಿರು ಹೋದ ಮೇಲೆ ಚನ್ನಮಲ್ಲಮ್ಮ ಸೊಸೆಯ ಕೈಗೆ ಕೈಯಾರೆ ಏನನ್ನೂ ಕೊಡುವುದು ಬಿಟ್ಟಿದ್ದಳು. ಹೆಪ್ಪಿನ ಗಡಿಗೆ ಇರಲಿ, ಉಪ್ಪಿನಕಾಯಿ ಇರಲಿ, ಕುಡಿಯುವ ನೀರಿನ ಚರಿಗೆ ಇರಲಿ, ನೆಲದ ಮೇಲೆ ಇಟ್ಟು ಈ ಕಡೆ ಸರಿಸುತ್ತಾಳೆ. ಮೊದಮೊದಲು ಬೆನ್ನು ನೋವಿರಬೇಕು, ಬಗ್ಗಿ ಇಡುತ್ತಾಳೆ ಅಂದುಕೊಂಡಿದ್ದಳು. ಆಮೇಲೆ ಹಾಲಿನವನಿಗೆ, ಪಕ್ಕದ ಮನೆಯ ಇಮಾಮ್ ಬೀಗೆ, ಮಗನಿಗೆ ಎಲ್ಲರಿಗೂ ಕೈಯಿಂದ ಕೈಗೆ ಕೊಡುವುದನ್ನು ನೋಡಿ ಅರ್ಥವಾಯಿತು. ಕೆಲವರ ಕೈ ಆಗಿಬರುವುದಿಲ್ಲ. ಅವರು ಮುಟ್ಟಿದ ಹೆಪ್ಪು ಹುಳಿಯುತ್ತದೆ, ನೆಟ್ಟ ಕರಿಬೇವು ಒಣಗುತ್ತದೆ, ಹೊತ್ತ ಬಸಿರು ನಿಲ್ಲುವುದಿಲ್ಲ. ಇದನ್ನು ಯಾರೂ ಅವಳ ಮುಖಕ್ಕೆ ಅಂದಿಲ್ಲ. ಅಂದಿದ್ದರೆ, ಇದು ಮೂಢನಂಬಿಕೆ ಅತ್ತೀ, ಎಂದು ಪಾಠ ಮಾಡಬಹುದಿತ್ತು. ನೆಲದ ಮೇಲೆ ಸರಿಸಿದ ಚರಿಗೆಗೆ ಯಾವ ಪಾಠ ಮಾಡುವುದು? ಬಗ್ಗಿ ಎತ್ತಿಕೊಂಡು ಕುಡಿಯುತ್ತಿದ್ದಳು.

ಅವತ್ತಿನ ಪಾಠ ಲವಣಗಳದು. ಒಂಬತ್ತನೆಯ ಇಯತ್ತೆಯ ಹುಡುಗಿಯರ ಮುಂದೆ ಗಾಜಿನ ಕೊಳವೆಯಲ್ಲಿ ಮೈಲುತುತ್ತ ಕರಗಿಸಿ ಎತ್ತಿ ಹಿಡಿದಾಗ ನೀಲಿ ನೀರಿನಲ್ಲಿ ಕಿಟಕಿಯ ಬಿಸಿಲು ಬಂದು ಕೂತಿತು. ಹುಡುಗಿಯರು ಓ ಎಂದರು. ಕೆರೆಯಲ್ಲಿ ಪಾಚಿ ಬೆಳೆದರೆ ಇದನ್ನು ಹಾಕುತ್ತಾರೆ, ಇದು ತಾಮ್ರದ ಲವಣ, ಪಾಚಿ ಸಾಯುತ್ತದೆ, ಜಾಸ್ತಿಯಾದರೆ ಮೀನೂ ಸಾಯುತ್ತವೆ. ಇಷ್ಟನ್ನು ಪ್ರತಿವರ್ಷ ಹೇಳುತ್ತಾಳೆ, ಈ ವರ್ಷ ಮೀನಿನ ಮಾತು ನುಂಗಿಬಿಡಬೇಕೆಂದುಕೊಂಡಿದ್ದಳು, ರೂಢಿಯಾದ ಬಾಯಿ ಹೇಳಿಯೇಬಿಟ್ಟಿತು. ಮುಂದಿನ ಸಾಲಿನ ಅಸ್ಮತ್ ಎದ್ದು ನಿಂತಳು. ಟೀಚರ್, ತಾಮ್ರದ ಕೊಡದಾಗಿನ ನೀರು ಕುಡದ್ರ ಆರೋಗ್ಯ ಅಂತಾರಲ್ರಿ, ಅಂದಳು. ದೊಡ್ಡವರಿಗೆ ಸ್ವಲ್ಪ ಹೋದರೆ ಏನಾಗುವುದಿಲ್ಲ, ಸಣ್ಣ ಜೀವಕ್ಕೆ ತಡೆಯುವುದಿಲ್ಲ ಎಂದು ಅನ್ನಮ್ಮ ಹೇಳಿದಳು. ಹೇಳಿದ್ದು ತನ್ನ ಕಿವಿಗೇ ಬಿದ್ದು ಕೊಳವೆಯನ್ನು ಅವಸರದಲ್ಲಿ ಕೆಳಗಿಟ್ಟಳು. ಎರಡು ಹನಿ ಸೀರೆಯ ಮೇಲೆ ಬಿದ್ದವು. ಕುಂತ್ಕೊ, ಎಂದು ಅಸ್ಮತ್‌ಳಿಗೆ ಅಷ್ಟು ಗಡುಸಾಗಿ ಹೇಳಬಾರದಿತ್ತು, ಹುಡುಗಿ ಏನು ತಪ್ಪು ಮಾಡಿದಳು. ಬೋರ್ಡಿನ ಕಡೆ ತಿರುಗಿ ಸೂತ್ರ ಬರೆಯುತ್ತ, ಈಗಲೇ ಮನೆಗೆ ಹೋಗಿ ತೆಗೆಯುತ್ತೇನೆ ಎಂದುಕೊಂಡಳು. ಇನ್ನೂ ಎರಡು ತಾಸು ಪಾಠವಿತ್ತು.

ಬೋರ್ಡಿನ ಮುಂದೆ ನಿಂತೇ ಅವಳಿಗೆ ತನ್ನೊಳಗಿನ ಇನ್ನೊಂದು ಸಂಗತಿ ಕಾಣಿಸಿತು. ಕಾಣಬಾರದೆಂದು ಬಹಳ ಜಾಣತನದಿಂದ ಸುತ್ತಿ ಇಟ್ಟಿದ್ದ ಸಂಗತಿ. ಮೊದಲ ಮೀನು ಸತ್ತು ಹೊಟ್ಟೆ ಮೇಲಾಗಿ ತೇಲಿದಾಗ ಅವಳಿಗೆ ದುಃಖವಾಗಿತ್ತು, ನಿಜ. ಅದರ ಹಿಂದೆಯೇ, ಕಸದಲ್ಲಿ ಅದನ್ನು ಹಾಕಿ ಕೈ ತೊಳೆಯುವಾಗ, ಒಂದು ಸಮಾಧಾನವೂ ಆಗಿತ್ತು. ಒಂದು ಹೋಯಿತು, ಇದು ಉಳಿಯಿತು. ಎರಡನೆಯದು ಸತ್ತಾಗ ಆ ಸಮಾಧಾನ ಇನ್ನಷ್ಟು ಸ್ಪಷ್ಟವಾಗಿತ್ತು. ಗಂಗವ್ವ ಅಲ್ಲಿಂದ ಒಂದೊಂದೇ ತೆಗೆದುಕೊಳ್ಳುತ್ತಿದ್ದಾಳೆ, ಇಲ್ಲಿ ಕೈ ಹಾಕುತ್ತಿಲ್ಲ. ಪಾಠ ಹೇಳುವ ಹೆಂಗಸು ತಾನು! ಹುಡುಗಿಯರಿಗೆ ಕಾರಣ, ಪರಿಣಾಮ ಎಂದು ಎರಡು ಗೆರೆ ಎಳೆಸಿ ಬರೆಸುವವಳು. ಆ ಎಂಟು ಮೀನು ಯಾರಿಗೆ ಏನು ಮಾಡಿದ್ದವು? ಹೈದರಾಬಾದಿನಿಂದ ಪ್ಲಾಸ್ಟಿಕ್ ಚೀಲದಲ್ಲಿ, ರೈಲಿನಲ್ಲಿ, ವಿರೂಪಣ್ಣನ ತೊಡೆಯ ಮೇಲೆ ಕೂತು ಬಂದ ಜೀವಗಳು. ಅಂವ ರಾತ್ರಿಯೆಲ್ಲ ಕಾಲು ಅಲುಗಿಸದೆ ಕೂತಿದ್ದನಂತೆ. ಪ್ರತಿಯೊಂದು ಸತ್ತಾಗ, ನೀರು ಹಿಡಿಸಲಿಲ್ಲ ಕಾಣ್ತದ, ಇನ್ನೊಂದು ಸಲ ಹೋದಾಗ ತರ್ತೀನಿ ಬಿಡು, ಅನ್ನುತ್ತಾನೆ. ಅವಳ ಮುಖ ನೋಡದೆ ಅನ್ನುತ್ತಾನೆ. ಬೋರ್ಡಿನ ಮೇಲೆ ಸೂತ್ರ ತಪ್ಪಿತ್ತು, ಒರೆಸಿ ಮತ್ತೆ ಬರೆದಳು.

ಶಾಲೆ ಬಿಟ್ಟಾಗ ಟೀಚರುಗಳ ಕೋಣೆಯಲ್ಲಿ ಹಣಮಮ್ಮ ಟೀಚರ್ ಸಕ್ಕರೆ ಹಂಚುತ್ತಿದ್ದಳು. ಮಗಳು ಹೆತ್ತಿದ್ದಾಳೆ, ಗಂಡು. ಎಲ್ಲರ ಅಂಗೈಗೂ ಚಮಚೆಯಿಂದ ಹಾಕುತ್ತ ಬಂದವಳು ಅನ್ನಮ್ಮನ ಮುಂದೆ ಬಂದಾಗ ಒಂದು ಕ್ಷಣ ತಡೆದು, ನಿಮಗೂ ಬೇಗ ಆಗಲಿ ಅಕ್ಕಾರ, ಎಂದು ದನಿ ತಗ್ಗಿಸಿ ಹೇಳಿ ಎರಡು ಚಮಚೆ ಹಾಕಿದಳು. ಮಿಕ್ಕವರಿಗೆಲ್ಲ ಒಂದೇ ಚಮಚೆ. ಎಲ್ಲರೂ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದರು. ಆ ಎರಡನೆಯ ಚಮಚೆಯ ಸಕ್ಕರೆ ಬಾಯಿಗೆ ಹಾಕಲೂ ಆಗದೆ ಚೆಲ್ಲಲೂ ಆಗದೆ ಅನ್ನಮ್ಮ ಮುಷ್ಟಿ ಬಿಗಿದುಕೊಂಡು ಹೊರಗೆ ಬಂದಳು. ಹೇಳಿಬಿಡಬೇಕಿತ್ತು, ನನಗೂ ಅದ, ಹೊಟ್ಟಿಯಾಗ ಅದ, ನಿಮ್ಮ ಸಕ್ಕರಿ ನೀವೇ ಇಟ್ಕೋರಿ ಎಂದು. ಗೇಟಿನ ಹತ್ತಿರ ಬರುವಷ್ಟರಲ್ಲಿ ಸಕ್ಕರೆ ಬೆವರಿಗೆ ಕರಗಿ ಅಂಗೈಯೆಲ್ಲ ಅಂಟಾಗಿತ್ತು.

ಸೀದಾ ಮನೆಗೆ ಹೋಗಬೇಕಾದವಳು ಅಲ್ಲಾಬಕ್ಷನ ಅಂಗಡಿಯ ಕಡೆ ಯಾಕೆ ತಿರುಗಿದಳು ಎಂದರೆ, ದಾರಿಯಲ್ಲಿ ಅವಳಿಗೆ ಒಂದು ಉಪಾಯ ಹೊಳೆದಿತ್ತು. ಪೆಟ್ಟಿಗೆ ಮತ್ತೆ ಸೋರುತ್ತಿದೆ ಎಂದು ಹೇಳುವುದು. ಅವನು ಬಂದು ನೀರು ತೆಗೆಯುತ್ತಾನೆ, ಮರಳು ಅಲುಗಿಸುತ್ತಾನೆ, ದುಡ್ಡು ಅವನ ಕೈಗೆ ಸಿಗುತ್ತವೆ, ತೆಗೆದಿಡುತ್ತಾನೆ. ದೇವರ ದುಡ್ಡು ಮುಟ್ಟಿದ ಕೈ ಅವನದಾಗುತ್ತದೆ, ಅವನ ದೇವರು ಬೇರೆ, ಅವನಿಗೇನೂ ಆಗುವುದಿಲ್ಲ. ಯೋಚನೆ ಪೂರ್ತಿಯಾಗುವ ಮೊದಲೇ ಅದರ ನೀಚತನ ಅವಳಿಗೆ ತಿಳಿಯಿತು, ಆದರೂ ಕಾಲು ನಿಲ್ಲಲಿಲ್ಲ. ಅಲ್ಲಾಬಕ್ಷ ಯಾರದೋ ಮದುವೆಯ ಫೋಟೋಕ್ಕೆ ಕಟ್ಟು ಹಾಕುತ್ತಿದ್ದ. ಸೋರುತ್ತದೆ ಎಂಬ ಮಾತು ಕೇಳಿ ಅವನ ಮುಖ ಬಿದ್ದುಹೋಯಿತು. ಹೊಸ ಕೆಲಸ ಅಂತ ಹೆಮ್ಮೆಯಿಂದ ಬಜಾರಿಗೆಲ್ಲ ಹೇಳಿಕೊಂಡು ಬಂದಿದ್ದ ಮನುಷ್ಯ. ಎಲ್ಲಿ ಸೋರುತ್ತದೆ, ತಳಕ್ಕೋ, ಮೂಲೆಗೋ, ಎಷ್ಟು ಹೊತ್ತಿಗೆ ಒಂದು ಹನಿ ಎಂದು ಒಂದೊಂದೇ ಕೇಳಿದ. ಅವಳು ಒಂದೊಂದಕ್ಕೂ ಒಂದು ಸುಳ್ಳು ಹೇಳಿದಳು. ಅವನು ಲಪ್ಪದ ಡಬ್ಬಿ ಕೈಗೆತ್ತಿಕೊಂಡು, ಈಗಲೇ ಬರ್ತೀನಿ ನಡೀರಿ ಅಮ್ಮಾ, ಎಂದು ಅಂಗಡಿಯ ಪರದೆ ಎಳೆಯತೊಡಗಿದ.

ಆಗ ಅವಳು ಪರದೆಗೆ ಕೈ ಅಡ್ಡ ಹಿಡಿದಳು. ನಿಜವಾಗಿಯೂ ಬಂದುಬಿಟ್ಟರೆ ದುಡ್ಡು ನಿಜವಾಗಿಯೂ ಹೊರಬರುತ್ತದೆ. ಹೊರಬಂದ ದಿನವೇ ಹಿತ್ತಲಿನ ಹಗ್ಗಕ್ಕೆ ಬಟ್ಟೆ ಬಂದರೆ? ಯಾರ ಕೈ ತೆಗೆದರೇನು, ಕರೆದು ತಂದವಳು ತಾನೇ ಅಲ್ಲವೇ? ಬ್ಯಾಡ, ಬ್ಯಾಡ ಬಿಡ್ರಿ, ಸೋರಿದ್ದಲ್ಲ ಕಾಣ್ತದ, ನೆಲ ಒರೆಸಿದ ನೀರಿರಬೇಕು, ಎಂದು ತಡಬಡಿಸಿದಳು. ಅಲ್ಲಾಬಕ್ಷ ಪರದೆ ಬಿಟ್ಟು ಅವಳನ್ನು ನೋಡಿದ. ಸಿಟ್ಟಿನ ನೋಟವಲ್ಲ, ಈ ಹೆಣ್ಣುಮಗಳಿಗೆ ಏನೋ ಆಗಿದೆ ಎಂಬ ಮರುಕದ ನೋಟ. ಕುಂದರ್ರಿ ಅಮ್ಮಾ, ನೀರು ಕುಡೀರಿ, ಅಂದ. ಅವಳು ಕೂರಲಿಲ್ಲ. ಗೋಡೆಯ ತುಂಬ ತೂಗುಹಾಕಿದ್ದ ಸತ್ತವರ, ಮದುವೆಯಾದವರ, ಹುಟ್ಟಿದವರ ಫೋಟೋಗಳ ಗಾಜಿನಲ್ಲಿ ಅವಳ ಮುಖ ತುಂಡು ತುಂಡಾಗಿ ಕಾಣಿಸುತ್ತಿತ್ತು. ಸಿಟಿ ಬಸ್ಸಿಗೆ ಕಾಯದೆ ನಡೆದೇ ಹೊರಟಳು. ಜಿನ್ನಿಂಗ್ ಮಿಲ್ಲಿನ ಕಡೆಯಿಂದ ಹತ್ತಿಯ ಎಳೆಗಳು ಗಾಳಿಗೆ ಹಾರಿ ಬಂದು ಅಂಟಂಟಾದ ಅಂಗೈಗೆ ಹತ್ತಿಕೊಂಡವು. ದಾರಿಯುದ್ದಕ್ಕೂ ಅವನ್ನು ಸೆರಗಿನಿಂದ ಒರೆಸಿಕೊಳ್ಳುತ್ತ ನಡೆದಳು.

ಮನೆಯ ಬಾಗಿಲು ತೆರೆದಿತ್ತು. ಇನ್ನೂ ಬಿಸಿಲಿತ್ತು, ಬಾಗಿಲಿನಿಂದ ಬಂದ ಬೆಳಕು ನೇರ ಪೆಟ್ಟಿಗೆಯ ಮೇಲೆ ಬಿದ್ದಿತ್ತು. ಹುಲ್ಲಿನ ಎಲೆಗಳು ತುದಿಯಿಂದ ಕಂದಿ ಮೆತ್ತಗಾಗಿ ಒಂದರ ಮೇಲೊಂದು ಬಿದ್ದಿದ್ದವು. ಮುಂಜಾನೆ ಅದು ಕಂಡಿರಲಿಲ್ಲ, ಮುಂಜಾನೆ ಅವಳು ದುಡ್ಡನ್ನಷ್ಟೇ ನೋಡಿದ್ದಳು. ನೆಲದ ಮೇಲೆ ಮುತ್ತಲ ಎಲೆಯೊಂದರಲ್ಲಿ ಕರಿಯ ಮೀನು, ಅದರ ಪಕ್ಕ ಬಣ್ಣದ ಬಾಲದ ಒಂದು, ಎರಡೂ ಸಾಲಾಗಿ ಮಲಗಿದ್ದವು. ಅವುಗಳ ಮೇಲೆ ಸ್ವಲ್ಪ ಕುಂಕುಮ ಉದುರಿಸಿತ್ತು. ಚನ್ನಮಲ್ಲಮ್ಮ ಪೆಟ್ಟಿಗೆಯ ಮುಂದೆ ನಿಂತು ಸೊಂಟದ ಸಂಚಿಯ ದಾರ ಸಡಿಲಿಸುತ್ತಿದ್ದಳು. ಬೆರಳ ತುದಿಯಲ್ಲಿ ಮೂರನೆಯ ದುಡ್ಡು ಹೊಳೆಯಿತು. ಬಾಯಿ ಆಗಲೇ ಪಿಟಿಪಿಟಿ ಅನ್ನುತ್ತಿತ್ತು. ನೀರಿನಲ್ಲಿ ಉಳಿದಿದ್ದ ಒಂದೇ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿತ್ತು.

"ಹಾಕಬ್ಯಾಡ್ರಿ ಅತ್ತೀ," ಅಂದಳು ಅನ್ನಮ್ಮ. ಚಪ್ಪಲಿ ಕೂಡ ಬಿಟ್ಟಿರಲಿಲ್ಲ.

ಮುದುಕಿ ಬೆಚ್ಚಿ ತಿರುಗಿದಳು. ಕಳ್ಳತನದಲ್ಲಿ ಸಿಕ್ಕವಳ ಹಾಗೆ ಮುಖ ಸಣ್ಣದಾಗಿತ್ತು. ಯಾಕೆ ಎಂದು ಕೇಳಿದಳು.

"ತಾಮ್ರದ ನೀರು ಇವಕ್ಕ ವಿಷ ಆಗ್ತದ. ಅದರಿಂದ ಸಾಯಾಕತ್ತಾವ."

ಚನ್ನಮಲ್ಲಮ್ಮ ಒಂದು ಗಳಿಗೆ ಅವಳನ್ನು ನೋಡಿದಳು, ಮೀನನ್ನು ನೋಡಿದಳು. ಅಷ್ಟೇ. ಬಳೆ ಹಿಂದೆ ಸರಿಸಲಿಲ್ಲ, ತೋಳು ಏರಿಸಲಿಲ್ಲ, ಕೈಯನ್ನು ಹಾಗೇ ನೀರಿಗೆ ಇಳಿಸಿದಳು. ಮರಳು ಎದ್ದು ನೀರೆಲ್ಲ ಕದಡಿತು. ಅನ್ನಮ್ಮ ತನಗೇ ಗೊತ್ತಿಲ್ಲದೆ ಮುಂದೆ ನುಗ್ಗಿ ಅತ್ತೆಯ ರಟ್ಟೆ ಹಿಡಿದುಕೊಂಡಳು. ಇಡೀ ದಿನ ತೆಗೆಯಬೇಕು ತೆಗೆಯಬೇಕು ಎಂದುಕೊಂಡವಳೇ ಈಗ ತೆಗೆಯುವ ಕೈಯನ್ನು ಹಿಡಿದಿದ್ದಳು.

"ತೆಗೀಬ್ಯಾಡ್ರಿ. ಹರಕಿ ದುಡ್ಡು ತೆಗದ್ರ... ನನಗ ಹೆದರಿಕಿ ಆಗ್ತದ."

"ಯಾವ ಹರಕಿ?"

"ನನ್ನ ಸಲುವಾಗಿ ಹೊತ್ತದ್ದು."

ಮುದುಕಿಗೆ ತಟ್ಟನೆ ಅರ್ಥವಾಗಲಿಲ್ಲ. ಕೂಸಿನ ಹರಕೆಯ ಮಾತು ಎಂದು ಅರ್ಥವಾದಾಗ ಅನ್ನಮ್ಮನ ಹಿಡಿತದಲ್ಲಿದ್ದ ರಟ್ಟೆ ಸಡಿಲವಾಯಿತು. ನೀರೊಳಗಿಂದ ಕೈ ಹೊರಗೆ ತೆಗೆದು, ಅಂಗೈಯಲ್ಲಿದ್ದ ಎರಡು ದುಡ್ಡನ್ನು, ಮೂರನೆಯದನ್ನು ಸೇರಿಸಿ, ಸೆರಗಿನ ತುದಿಗೆ ಹಾಕಿಕೊಂಡು ಗಂಟು ಕಟ್ಟಿದಳು. ಗಂಟು ಕಟ್ಟುತ್ತಲೇ, ಅನ್ನಮ್ಮನ ಮುಖ ನೋಡದೆ, ಹೇಳಿದಳು.

"ಮೀನ ಬಿಡೋ ಮುಂದ ನಿನ್ನ ಕೈ ನಡುಗಾಕತ್ತಿತ್ತು. ಅನ್ನವ್ವನ ಮೀನ ಉಳಸವ್ವಾ ಅಂತ ಗಂಗವ್ವಗ ಒಂದು ದುಡ್ಡು ಹಾಕಿದ್ದೆ. ಅವು ಸಾಯಾಕತ್ತಿದ್ವು, ಒಂದು ಸಾಲ್ಲಿಲ್ಲೇನೋ ಅಂತ ನಿನ್ನೆ ಇನ್ನೊಂದು ಹಾಕಿದೆ. ಅಷ್ಟ."

ಗಂಟು ಬಿಗಿಯಾಗಿತ್ತು. ಆದರೂ ಅದನ್ನು ಮತ್ತೊಮ್ಮೆ ಎಳೆದಳು.

"ಕೂಸಿನ ಸಲುವಾಗಿ ಹರಕಿ ಹೊರೋದು ನಾ ಬಿಟ್ಟೀನಿ ಯವ್ವಾ. ಎರಡೂ ಸರ್ತಿ ನಾನ ಹೊತ್ತಿದ್ದೆ, ಎರಡೂ ಸರ್ತಿ ಹೋತು. ನನ್ನ ಕೈ ನಿನಗ ಆಗಿಬರಂಗಿಲ್ಲ. ಅದಕ್ಕ ಹೆಪ್ಪು ಸೈತ ನಿನ್ನ ಕೈಯಾಗ ಕೊಡಂಗಿಲ್ಲ ನಾನು."

ಅನ್ನಮ್ಮ ನೆಲ ನೋಡಿದಳು. ಎಷ್ಟು ಚರಿಗೆ, ಎಷ್ಟು ತಾಟು ಈ ನೆಲದ ಮೇಲೆ ಸರಿದು ತನ್ನ ಕಡೆ ಬಂದಿದ್ದವು. ಬಗ್ಗಿ ಎತ್ತಿಕೊಳ್ಳುವಾಗಲೆಲ್ಲ ತನಗಾದ ಅವಮಾನವನ್ನಷ್ಟೇ ಎಣಿಸಿದ್ದಳು. ಆಚೆ ಕಡೆ ಬಗ್ಗಿ ಇಡುವವಳಿಗೆ ಏನನ್ನಿಸುತ್ತಿತ್ತು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಹಗ್ಗ, ಲೆಕ್ಕ, ಹರಕೆ, ಎಲ್ಲವನ್ನೂ ತಾನೇ ಕೂತು ಹೆಣೆದದ್ದು. ಮುದುಕಿ ಹಗ್ಗ ನೋಡಿಯೇ ಇರಲಿಲ್ಲ. ಮುದುಕಿ ನೋಡಿದ್ದು ಅವಳ ನಡುಗುವ ಕೈ. ಅಯ್ಯೋ ದೇವರೇ, ಏಳು ಮೀನು. ಅಳು ಬಂದುಬಿಟ್ಟಿತು. ಅತ್ತೆ ಅದನ್ನು ಮೀನಿಗಾಗಿ ಅಳು ಅಂದುಕೊಂಡಳು.

"ಅನ್ನವ್ವಾ," ಅಂದಳು ಹೆದರುತ್ತ ಹೆದರುತ್ತ, "ತಾಮ್ರ ಆಗಂಗಿಲ್ಲಂತ ನಿನಗ ಮೊದಲ ಗೊತ್ತಿತ್ತೇನು?"

ಎರಡು ಮಾತು ಅನ್ನಮ್ಮನ ಗಂಟಲಲ್ಲಿದ್ದವು. ಗೊತ್ತಿತ್ತು ಎಂಬುದೊಂದು. ನನಗೆ ತಿಂಗಳು ತಪ್ಪಿದೆ ಎಂಬುದಿನ್ನೊಂದು. ಎರಡನೆಯದನ್ನು ಹೇಳದೆ ಮೊದಲನೆಯದನ್ನು ಹೇಳಲು ಬರುತ್ತಿರಲಿಲ್ಲ, ಮೊದಲನೆಯದನ್ನು ಹೇಳಿದ ಬಾಯಿಂದ ಎರಡನೆಯದನ್ನು ಹೇಳುವ ಧೈರ್ಯವಿರಲಿಲ್ಲ. ಗೊತ್ತಿತ್ತು ಅಂದರೆ, ಏಳು ಜೀವ ಒಂದೊಂದಾಗಿ ಸಾಯುವುದನ್ನು ನೋಡುತ್ತ ನಿಂತಿದ್ದೆ ಅಂದ ಹಾಗೆ. ಮುದುಕಿ ಯಾಕೆ ಅಂತ ಕೇಳುತ್ತಾಳೆ. ಗೊತ್ತಿರಲಿಲ್ಲ ಅಂದರೆ ಅತ್ತೆಯ ಎದೆಯ ಭಾರವಾದರೂ ಇಳಿಯುತ್ತದೆ. ಇಳಿಯಲಿ ಎಂದೇ ಹೇಳುತ್ತಿದ್ದೇನೆಯೋ, ನನ್ನನ್ನು ಉಳಿಸಿಕೊಳ್ಳಲಿಕ್ಕೆ ಹೇಳುತ್ತಿದ್ದೇನೆಯೋ ಎಂದು ಅನ್ನಮ್ಮನಿಗೇ ತಿಳಿಯಲಿಲ್ಲ.

"ಇಲ್ಲರಿ ಅತ್ತೀ," ಅಂದಳು. "ಇವತ್ತ ಸಾಲ್ಯಾಗ ಪುಸ್ತಕದಾಗ ನೋಡಿದೆ."

ಚನ್ನಮಲ್ಲಮ್ಮನ ಮುಖ ಬಿಚ್ಚಿಕೊಂಡಿತು. ಇಷ್ಟು ಓದಿದಾಕಿಗೇ ಇವತ್ತು ಗೊತ್ತಾಯಿತೆಂದ ಮೇಲೆ ತನ್ನಂಥ ಹೆಬ್ಬೆಟ್ಟಿನವಳದೇನು ತಪ್ಪು, ಗಂಗವ್ವ ತಿಳಕೊಳ್ಳುತ್ತಾಳೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಅಡುಗೆಮನೆಗೆ ಹೋದಳು. ಸ್ಟೀಲಿನ ಬೋಗುಣಿ ತಂದು ಅದಕ್ಕೆ ಎರಡು ದಿನದಿಂದ ತುಂಬಿಟ್ಟಿದ್ದ ಮಣ್ಣಿನ ಕೊಡದ ನೀರು ಹಾಕಿದಳು. ಕದಡಿದ ಪೆಟ್ಟಿಗೆಯೊಳಗೆ ಎರಡೂ ಅಂಗೈ ಜೋಡಿಸಿ ಇಳಿಸಿ, ಬಹಳ ಹೊತ್ತು ಕಾದು, ಉಳಿದ ಒಂದೇ ಮೀನನ್ನು ಬೊಗಸೆಯಲ್ಲಿ ಎತ್ತಿ ಬೋಗುಣಿಗೆ ಬಿಟ್ಟಳು. ಅದು ಒಂದು ಸುತ್ತು ಹೊಡೆದು ತಳಕ್ಕೆ ಹೋಗಿ ನಿಂತಿತು. ಮುದುಕಿ ಬೋಗುಣಿ ಹಿಡಿದುಕೊಂಡು ರೂಢಿಯಂತೆ ಅದನ್ನು ನೆಲಕ್ಕಿಡಲು ಬಗ್ಗಿದಳು. ಅರ್ಧ ಬಗ್ಗಿದವಳು ತಡೆದಳು. ಮತ್ತೆ ನೆಟ್ಟಗೆ ನಿಂತು, ಮೀನು ಸತ್ತದ್ದು ತಾಮ್ರದಿಂದ, ತನ್ನ ಕೈಯಿಂದಲ್ಲ ಎಂದು ಈಗ ತಾನೇ ಕೇಳಿಸಿಕೊಂಡ ಧೈರ್ಯದಲ್ಲಿ, ಅದನ್ನು ಸೊಸೆಯ ಕಡೆ ಚಾಚಿದಳು. ತಗೋ, ನೀನ ಹಿಡಿ, ಅಂದಳು.

ಅನ್ನಮ್ಮ ಎರಡೂ ಕೈ ಚಾಚಿ ತೆಗೆದುಕೊಂಡಳು. ಬೋಗುಣಿಯೊಳಗಿನ ನೀರು ನಡುಗುತ್ತಿತ್ತು. ಮೀನು ಇನ್ನೂ ಬದುಕಿತ್ತು.